ಇವರಿಗೆ ಕಳಿಸಿದ ಟೇಪು

ಹಾರ್ಡ್ ಡಿಸ್ಕ್ ಕೈಜಾರಿ ನೆಲಕ್ಕೆ ಬೀಳಬಹುದಿತ್ತು. ಬೀಳದಿದ್ದರೂ ಅದರ ಆಯುಸ್ಸು ಮುಗಿಯಬಹುದಿತ್ತು. ಅದೇನೂ ಮೊದಲೇ ಹೇಳಿ ಹೋಗುವುದಿಲ್ಲ. ಮೇ ತಿಂಗಳ ಕೊನೆಯ ಸಿಡಿಲಿಗೆ ಕಂಪ್ಯೂಟರು, ಡಿಸ್ಕು, ಡಿಸ್ಕಿನ ನಕಲು ಮೂರೂ ಒಟ್ಟಿಗೆ ಸುಟ್ಟುಹೋಗಬಹುದಿತ್ತು. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡ ಫೋಟೋ ಬಿಡಿಸುವಾಗ ಅಜ್ಜಿಯ ಮುಖ ಹಾಳೆಯಲ್ಲೇ ಉಳಿದು, ನನ್ನ ಕೈಗೆ ಬರೀ ಸೀರೆ ಬರಬಹುದಿತ್ತು. ಟೇಪಿಗೆ ಬೂಷ್ಟು ಹಿಡಿದಿರಬಹುದಿತ್ತು. ಬೂಷ್ಟು ಹಿಡಿಯದ ಟೇಪನ್ನು ಹಳೆಯ ವಿ.ಸಿ.ಆರ್. ಅಗಿದು ನುಂಗಬಹುದಿತ್ತು. ನಕಲು ಎಂದುಕೊಂಡು ಅಸಲನ್ನೇ ಅಳಿಸಿ, ಅಸಲು ಎಂದುಕೊಂಡು ಖಾಲಿ ಫೋಲ್ಡರನ್ನು ಜೋಪಾನ ಮಾಡಬಹುದಿತ್ತು. ಹೆಸರು ಹಾಕಿ ಮುಗಿಯುವ ಮೊದಲೇ ಅಮ್ಮನ ಇನ್ನೊಂದು ಕಣ್ಣೂ ಹೋಗಬಹುದಿತ್ತು. ಅದಕ್ಕಿಂತ ಮೊದಲು ನಾನೇ ಹೋಗಬಹುದಿತ್ತು, ಪಾಸ್‌ವರ್ಡ್ ಯಾರಿಗೂ ಹೇಳದೆ.

ಈ ಪಟ್ಟಿ ಈಗ ಬರೆದದ್ದಲ್ಲ. ಕೆಲಸಕ್ಕೆ ಕೈಹಾಕುವ ಮೊದಲೇ ಒಂದು ನೋಟುಪುಸ್ತಕದಲ್ಲಿ ನಂಬರು ಹಾಕಿ ಬರೆದಿಟ್ಟದ್ದು. ಒಟ್ಟು ಇಪ್ಪತ್ತಮೂರು ಅಪಾಯಗಳು, ಪ್ರತಿಯೊಂದರ ಎದುರಿಗೂ ಒಂದು ಪರಿಹಾರ. ಪಾಸ್‌ವರ್ಡಿನ ಪರಿಹಾರ: ಅಕ್ಕಿ ಡಬ್ಬಿಯ ಮುಚ್ಚಳದ ಒಳಬದಿಗೆ ಚೀಟಿ. ಸಿಡಿಲಿನ ಪರಿಹಾರ: ಒಂದು ಡಿಸ್ಕು ನಮ್ಮಲ್ಲಿ, ಇನ್ನೊಂದು ಬೈಕಂಪಾಡಿಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿರುವ ತಮ್ಮನ ಮನೆಯಲ್ಲಿ. ಎರಡೂ ಕಡೆಗೆ ಒಂದೇ ಸಲ ಸಿಡಿಲು ಬಡಿದರೆ ಎಂಬ ಪ್ರಶ್ನೆಯನ್ನೂ ಬರೆದು, ಆಮೇಲೆ ನಾಚಿಕೆಯಾಗಿ ಹೊಡೆದುಹಾಕಿದ್ದೇನೆ.

ನಾನು ಅತ್ತಾವರದ ಒಂದು ಆಸ್ಪತ್ರೆಯ ರೆಕಾರ್ಡು ವಿಭಾಗದಲ್ಲಿ ಇರುವವಳು. ಒಬ್ಬರ ರಿಪೋರ್ಟು ಇನ್ನೊಬ್ಬರ ಫೈಲಿಗೆ ಹೋದರೆ ಏನೇನಾಗಬಹುದು ಎಂದು ಯೋಚಿಸಲಿಕ್ಕೇ ನನಗೆ ಸಂಬಳ ಕೊಡುತ್ತಾರೆ ಎಂಬುದು ನನ್ನ ತಿಳುವಳಿಕೆ. ತಮ್ಮನ ತಿಳುವಳಿಕೆ ಬೇರೆ. “ಅಕ್ಕ, ನಿನಗೆ ಸಂಬಳ ಕೊಡದಿದ್ದರೂ ನೀನು ಯೋಚನೆ ಮಾಡ್ತಿ. ಆಸ್ಪತ್ರೆಯವರು ಸುಮ್ಮನೆ ಕೊಡುದು” ಎನ್ನುತ್ತಾನೆ.

ಕೆಲಸ ಶುರುವಾದದ್ದು ಅಮ್ಮನ ಕಣ್ಣಿನಿಂದ. ಗ್ಲೂಕೋಮಾದಲ್ಲಿ ಎಡಗಣ್ಣು ಹೋಗಿ ಎರಡು ವರ್ಷ ಆಯಿತು. ಬಲಗಣ್ಣು ಎಷ್ಟು ದಿನ ಎಂದು ಕೇಳಿದರೆ ಡಾಕ್ಟರು ಮೇಲೆ ಫ್ಯಾನು ನೋಡಿದರು. ನಮ್ಮ ಮನೆಯ ಫೋಟೋಗಳಲ್ಲಿ ಇರುವವರು ಯಾರು ಯಾರು ಎಂದು ಗೊತ್ತಿರುವ ಕಣ್ಣು ಈಗ ಉಳಿದಿರುವುದು ಅದೊಂದೇ. ಹತ್ತು ಸಾವಿರಕ್ಕೂ ಮಿಕ್ಕಿ ಫೋಟೋಗಳು: ಹದಿನಾಲ್ಕು ಆಲ್ಬಮ್ಮು, ಎರಡು ಬಿಸ್ಕತ್ತಿನ ಡಬ್ಬಿ, ಹಾಳಾದ ಮೂರು ಮೊಬೈಲು, ಮದುವೆಗಳ ಸಿ.ಡಿ.ಗಳು. ಮತ್ತು ಒಂದು ವಿಡಿಯೋ ಟೇಪು.

“ಎಲ್ಲ ಕ್ಲೌಡಿಗೆ ಹಾಕು ಮಾರಾಯ್ತಿ. ಒಂದು ದಿನದ ಕೆಲಸ. ಅದೇ ತಾರೀಕು ನೋಡಿ ಜೋಡಿಸಿ ಇಡ್ತದೆ,” ಎಂದ ತಮ್ಮ.

ಹಾಕಲಿಲ್ಲ. ಅದಕ್ಕೆ ನಾನು ಕೊಟ್ಟ ಕಾರಣಗಳು ಬೇರೆ. ನಿಜವಾದ ಕಾರಣ ಹೇಳಿದರೆ ಅವನು ನಗುತ್ತಿದ್ದ. ನಮ್ಮ ಅಪ್ಪ ಗಲ್ಫಿಗೆ ಕೆಲಸಕ್ಕೆ ಹೋಗಿ, ನಲವತ್ತೊಂದನೆಯ ವಯಸ್ಸಿಗೆ ಪೆಟ್ಟಿಗೆಯಲ್ಲಿ ವಾಪಸ್ ಬಂದವರು. ಅವರ ಫೋಟೋಗಳನ್ನು ಪುನಃ ಯಾವುದೋ ದೂರದ ದೇಶದ ಯಾವುದೋ ಯಂತ್ರಕ್ಕೆ ಕಳಿಸಿಕೊಡಲು ನನಗೆ ಮನಸ್ಸು ಬರಲಿಲ್ಲ. ಒಮ್ಮೆ ಕಳಿಸಿದ್ದು ಸಾಕು.

ಹೀಗಾಗಿ ಇಂಟರ್ನೆಟ್ಟಿನ ವಯರು ಕಿತ್ತಿಟ್ಟು, ಮನೆಯ ಕಂಪ್ಯೂಟರಿನಲ್ಲೇ ಒಂದೊಂದಾಗಿ ಸ್ಕ್ಯಾನ್ ಮಾಡಿ ಹೆಸರು ಹಾಕತೊಡಗಿದೆ. ನನ್ನ ನಿಯಮ ಸರಳ: ವರ್ಷ, ಸಂದರ್ಭ, ಜಾಗ, ಇರುವವರು. ಆದಿತ್ಯವಾರಗಳಂದು ಬೆಳಗ್ಗಿನ ತಿಂಡಿಯಾದ ಮೇಲೆ ಅಮ್ಮ ಸ್ಕ್ರೀನಿಗೆ ಒಂದು ಗೇಣು ದೂರದಲ್ಲಿ ಕುಳಿತು ಬಲಗಣ್ಣಿನಿಂದ ನೋಡಿ ಹೇಳುವುದು, ನಾನು ಟೈಪು ಮಾಡುವುದು.

ತೊಂದರೆ ಮೊದಲನೆಯ ಆದಿತ್ಯವಾರವೇ ಬಂತು. ಅಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಪ್ಪನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಬಾಯಲ್ಲಿ ತರಬಾರದು ಎಂದು ಅವಳಿಗೆ ಅವಳ ಅಮ್ಮ ಹೇಳಿಕೊಟ್ಟದ್ದು. ರೇಷನ್ ಕಾರ್ಡಿನವರು ಕೇಳಿದರೂ ನನ್ನ ಮುಖ ನೋಡುತ್ತಿದ್ದಳು.

“ಇದು ಯಾರು ಅಮ್ಮ?”

“ಇವರು.”

“ಅಲ್ಲ, ಇಲ್ಲಿ ಹೆಸರು ಬರೀಬೇಕು.”

“ಬರಿ. ನಿನಗೆ ಗೊತ್ತುಂಟಲ್ಲ?”

“ನಾನು ಹೋದ ಮೇಲೆ ನೋಡುವವರಿಗೆ ಗೊತ್ತಾಗಬೇಕಲ್ವಾ?”

“ನೀನು ಯಾಕೆ ಹೋಗುದು? ಮಾತೆತ್ತಿದರೆ ಹೋಗುದು. ‘ಇವರು’ ಅಂತಲೇ ಹಾಕು. ನಮ್ಮ ಮನೆಯಲ್ಲಿ ‘ಇವರು’ ಎಷ್ಟು ಜನ ಇದ್ದಾರೆ?”

ಅದೂ ಹೌದೆನಿಸಿತು. ಹಾಗೆ ಅಪ್ಪನ ಫೋಲ್ಡರಿಗೆ ‘ಇವರು’ ಎಂದೇ ಹೆಸರಾಯಿತು. ಪ್ರತಿ ಸಲ ಅದನ್ನು ತೆರೆಯುವಾಗ ಯಾರೋ ಹತ್ತಿರದಲ್ಲೇ ನಿಂತಿದ್ದಾರೆ, ಅಮ್ಮ ಗಲ್ಲ ಎತ್ತಿ ಅವರನ್ನು ತೋರಿಸುತ್ತಿದ್ದಾಳೆ ಎಂದು ಅನಿಸುತ್ತಿತ್ತು. ನಾನು ಒಂದೆರಡು ಸಲ ತಿರುಗಿ ನೋಡಿದ್ದೂ ಉಂಟು. ಹಿಂದೆ ಇದ್ದದ್ದು ಬಟ್ಟೆ ಒಣಗಿಸುವ ಸ್ಟ್ಯಾಂಡು.

ಕಂಪ್ಯೂಟರಿಗೆ ಹಾಕಿದ ಒಂದು ತಂತ್ರಾಂಶ ಮುಖಗಳನ್ನು ಹೋಲಿಸಿ, ಒಬ್ಬರೇ ಎಂದು ಕಂಡವರನ್ನು ಒಂದೇ ಕಡೆ ಗುಂಪು ಮಾಡುತ್ತಿತ್ತು. ಅದು ‘ಇವರು’ ಫೋಲ್ಡರಿಗೆ ಅಪ್ಪನ ಮದುವೆಯ ಫೋಟೋ ಹಾಕಿತು, ಪಾಸ್‌ಪೋರ್ಟಿನದು ಹಾಕಿತು, ಗಲ್ಫಿನ ಕೋಣೆಯ ಮಂಚದ ಮೇಲೆ ಕುಳಿತದ್ದು ಹಾಕಿತು. ಅಲ್ಲಿಗೆ ನಿಲ್ಲಬೇಕಿತ್ತು. ಮುಂದಿನ ವಾರ ನೋಡಿದರೆ ಅಪ್ಪ ಮೊಬೈಲು ಹಿಡಿದುಕೊಂಡಿದ್ದಾರೆ. ಪಣಂಬೂರು ಬೀಚಿನಲ್ಲಿ ಐಸ್‌ಕ್ರೀಮು ತಿನ್ನುತ್ತಿದ್ದಾರೆ. ನನ್ನ ಪಕ್ಕದಲ್ಲೇ ಮಾಸ್ಕು ಗಲ್ಲಕ್ಕೆ ಇಳಿಸಿ ನಿಂತಿದ್ದಾರೆ. ತೀರಿಹೋದ ಮೇಲೂ ಅವರ ಫೋಟೋಗಳು ಬರುತ್ತಲೇ ಇದ್ದವು. ತಮ್ಮನಿಗೆ ಈಗ ನಲವತ್ತೆರಡು. ಅಪ್ಪನಿಗಿಂತ ಒಂದು ವರ್ಷ ದೊಡ್ಡವನು.

ಫೋನಿನಲ್ಲಿ ಹೇಳಿದಾಗ ಅವನು ನಕ್ಕ. “ಅಂತೂ ನನ್ನನ್ನು ತೆಗೆದೇಬಿಟ್ಟೆ. ಬೊಜ್ಜಕ್ಕೆ ಎಂತ ಪಾಯಸ?”

ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರ ಹದಿಮೂರನೆಯ ದಿನದ ಊಟ. ನಾನು ನಗಲಿಲ್ಲ. ತಮ್ಮನ ಇನ್ನೂರಹದಿನೇಳು ಫೋಟೋಗಳನ್ನು ಅಪ್ಪನಿಂದ ಒಂದೊಂದಾಗಿ ಕೈಯಿಂದಲೇ ಬೇರೆ ಮಾಡಿದೆ. ಆಮೇಲೆ ಬಿ.ಪಿ. ಟೆಸ್ಟು ಮಾಡಿಸಿಕೊಳ್ಳಲು ಅವನಿಗೆ ದಿನಕ್ಕೆರಡು ಸಲ ಹೇಳತೊಡಗಿದೆ.

ಆಲ್ಬಮ್ಮುಗಳು ಮುಗಿದವು. ಕೊನೆಗೆ ಉಳಿದದ್ದು ಟೇಪು.

ಆ ಟೇಪಿನ ಕತೆ ಇಷ್ಟು. ಅಪ್ಪ ಗಲ್ಫಿನಲ್ಲಿದ್ದುಕೊಂಡೇ ಇಲ್ಲಿ, ಉರ್ವದಲ್ಲಿ, ಒಂದು ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅವರಿಗೆ ರಜೆ ಸಿಗಲಿಲ್ಲ. ಆಗೆಲ್ಲ ಬರಲಾಗದ ಗಂಡಸರಿಗಾಗಿ ವಿಡಿಯೋ ಮಾಡಿಸಿ, ರಜೆ ಮುಗಿಸಿ ಹೊರಟ ಯಾರ ಕೈಯಲ್ಲಾದರೂ ಕಳಿಸುವುದು ಇತ್ತು. ನಾವೂ ಮಾಡಿಸಿದೆವು. ಪಕ್ಕದ ಮನೆಯ ಟಿ.ವಿ.ಯಲ್ಲಿ ಎಲ್ಲರೂ ಕುಳಿತು ಒಮ್ಮೆ ನೋಡಿದೆವು. ಆಮೇಲೆ ರಿವೈಂಡ್ ಮಾಡಿ, ಎಂದರೆ ಟೇಪನ್ನು ಹಿಂದಕ್ಕೆ ಮೊದಲಿಗೆ ಸುತ್ತಿ, ಕವರಿನೊಳಗೆ ಹಾಕಿದವಳು ನಾನೇ. ನನಗಾಗ ಹನ್ನೆರಡು ವರ್ಷ.

ಟೇಪು ಸುತ್ತುವುದು ನಮ್ಮ ಮನೆಯಲ್ಲಿ ನನ್ನ ಕೆಲಸವಾಗಿತ್ತು. ಅಪ್ಪ ರಜೆಯಲ್ಲಿ ಬಂದಾಗ ವಿ.ಸಿ.ಆರ್. ಬಾಡಿಗೆಗೆ ತಂದು ದಿನಕ್ಕೆ ಎರಡು ಸಿನಿಮಾ ನೋಡುತ್ತಿದ್ದರು. ನೋಡಿದ್ದನ್ನು ಹಾಗೆಯೇ ಎಳೆದು ಕವರಿಗೆ ತುರುಕುವುದು ಅವರ ಕ್ರಮ. ಮೊದಲಿಗೆ ಸುತ್ತದೆ ಕೊಟ್ಟರೆ ವಿಡಿಯೋ ಲೈಬ್ರರಿಯವನು ರಸ್ತೆಯವರೆಗೆ ಕೇಳುವ ಹಾಗೆ ಬೈಯುತ್ತಿದ್ದ. ಬೈಸಿಕೊಳ್ಳುವ ಹೆದರಿಕೆಗೆ ನಾನು ಅಪ್ಪನ ಎಲ್ಲ ಟೇಪುಗಳನ್ನೂ ಸುತ್ತಿ ಇಡುತ್ತಿದ್ದೆ. ಹೆದರುವ ಸ್ವಭಾವ ನನಗೆ ವಯಸ್ಸಾದ ಮೇಲೆ ಬಂದದ್ದಲ್ಲ.

ಗೃಹಪ್ರವೇಶದ ಟೇಪು ಅಪ್ಪನ ಕೈ ಸೇರಿದ್ದು ಒಂದು ಶುಕ್ರವಾರ ಸಂಜೆ. ಆ ವಾರದ ಫೋನು ಅದೇ ಬೆಳಿಗ್ಗೆ ಪಕ್ಕದ ಮನೆಗೆ ಬಂದು ಆಗಿತ್ತು. ಟೇಪು ಬಂದಿಲ್ಲ ಎಂದು ಹೇಳಿದ್ದರು. ಮುಂದಿನ ಶುಕ್ರವಾರದ ಫೋನು ಬರಲಿಲ್ಲ. ಬುಧವಾರವೇ ಹಾರ್ಟು ನಿಂತಿತ್ತು. ತಿಂಗಳಾದ ಮೇಲೆ ರೂಮಿನಲ್ಲಿದ್ದ ಒಬ್ಬರು ಅವರ ಸಾಮಾನು ತಂದುಕೊಟ್ಟರು: ಅಂಗಿಗಳು, ಟಾರ್ಚು, ಶೇವಿಂಗ್ ಸೆಟ್ಟು, ಕವರಿನೊಳಗೆ ಟೇಪು.

“ಇವರು ಇದನ್ನು ನೋಡಿದ್ದಾರಾ?” ಎಂದು ಅಮ್ಮ ಬಾಗಿಲ ಮರೆಯಿಂದ ಕೇಳಿದಳು.

“ಗೊತ್ತಿಲ್ಲ ಅಕ್ಕ. ತಲೆದಿಂಬಿನ ಹತ್ತಿರ ಇತ್ತು. ನಾವೆಲ್ಲ ಆ ವಾರ ಬೇರೆ ಶಿಫ್ಟು.”

ಆ ಪ್ರಶ್ನೆ ಅಲ್ಲಿಂದ ನಮ್ಮ ಮನೆಯಲ್ಲೇ ಉಳಿಯಿತು. ಯಾಕೆ ಉಳಿಯಿತು ಎಂಬುದೂ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಗೃಹಪ್ರವೇಶದ ಊಟದ ಹೊತ್ತಿಗೆ ಅಮ್ಮ ಒಳಕೋಣೆಯಲ್ಲಿ ಅಪ್ಪನಿಗೆಂದು ಒಂದು ಬಾಳೆಲೆ ಹಾಕಿ ಎಲ್ಲವನ್ನೂ ಬಡಿಸಿಟ್ಟಿದ್ದಳು. ನಮ್ಮಲ್ಲಿ ಎದುರಿಗೆ ಇಲ್ಲದವರಿಗೆ ಎಲೆ ಹಾಕುವುದು ಒಂದೇ ಲೆಕ್ಕದಲ್ಲಿ: ತೀರಿಹೋದವರಿಗೆ. ಬಡಿಸಿ, ಬಾಗಿಲು ಎಳೆದು, ಅವರು ಉಂಡು ಏಳುವವರೆಗೆ ಹೊರಗೆ ಕಾಯುತ್ತೇವೆ. ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಆ ಎಲೆಯನ್ನು ಕಂಡು ಕೂಗಿದ್ದು ನನಗೆ ನೆನಪಿದೆ. ಬೊಜ್ಜದ ದಿನ ಅವರು ಬೇರೇನೂ ಹೇಳಲಿಲ್ಲ. “ಎಲೆ ಮೊದಲೇ ಹಾಕಿದ್ದಳಲ್ಲ” ಎಂದರು, ಅಷ್ಟೆ.

ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಇದು: ಅಮ್ಮನಿಗೆ ಹೆದರಿಕೆ, ಅಪ್ಪ ಆ ಎಲೆಯನ್ನು ನೋಡಿಬಿಟ್ಟಿದ್ದರೋ ಏನೋ ಎಂದು. ಅವಳು ಟೇಪನ್ನು ಅಪ್ಪನ ಕರ್ಚೀಫಿನಲ್ಲಿ ಸುತ್ತಿ ಕಬ್ಬಿಣದ ಕಪಾಟಿನಲ್ಲಿಟ್ಟಳು. ಯಾರಿಗೂ ಮುಟ್ಟಲು ಬಿಡಲಿಲ್ಲ. ಉರ್ವದ ಆ ಮನೆಯನ್ನು ಬಿಲ್ಡರಿಗೆ ಕೊಟ್ಟು, ಅದೇ ಜಾಗದಲ್ಲಿ ಎದ್ದ ಫ್ಲ್ಯಾಟಿನ ಮೂರನೆಯ ಮಾಳಿಗೆಗೆ ನಾವು ಬಂದಾಗಲೂ ಟೇಪು ಅವಳ ಮಡಿಲಲ್ಲೇ ಬಂತು. ಈಗ, ಒಂದೂವರೆ ಕಣ್ಣು ಹೋದ ಮೇಲೆ, ತಾನಾಗಿಯೇ ತೆಗೆದುಕೊಟ್ಟಳು.

“ಇದನ್ನೂ ಹಾಕು. ಕಾಣುವಾಗಲೇ ಒಮ್ಮೆ ನೋಡ್ತೇನೆ.”

ಬಂದರಿನ ಹತ್ತಿರ ಹಳೆಯ ರೇಡಿಯೋ, ವಿ.ಸಿ.ಆರ್. ರಿಪೇರಿ ಮಾಡುವ ಒಬ್ಬರು ಹಿರಿಯರನ್ನು ಹುಡುಕಿ ಹೋದೆ. ಒಣಮೀನಿನ ವಾಸನೆಯ ಗೋದಾಮುಗಳ ನಡುವೆ ಅವರ ಸಣ್ಣ ಅಂಗಡಿ. ನಾನು ನೋಟುಪುಸ್ತಕ ತೆರೆದು ಒಂಬತ್ತು ಪ್ರಶ್ನೆ ಕೇಳಿದೆ. ಅವರು ಟೇಪನ್ನು ಬೆಳಕಿಗೆ ಹಿಡಿದರು.

“ಬೂಷ್ಟು ಎಂತ ಇಲ್ಲ. ಕಬ್ಬಿಣದ ಕಪಾಟಲ್ಲಿ ಇಟ್ಟದ್ದಾ? ಒಳ್ಳೆದಾಯ್ತು. ಈ ಮಿಷನ್ ತಕೊಂಡು ಹೋಗಿ, ಹೆಡ್ಡು ಕ್ಲೀನ್ ಮಾಡಿ ಕೊಟ್ಟಿದ್ದೇನೆ. ಈ ವಯರು ಕಂಪ್ಯೂಟರಿಗೆ. ಟೇಪು ಓಡುವಾಗ ಅಲ್ಲಿಗೆ ರೆಕಾರ್ಡ್ ಆಗ್ತದೆ.”

“ನಡುವೆ ಕರೆಂಟು ಹೋದರೆ?”

“ಬಂದ ಮೇಲೆ ಪುನಃ ಹಾಕಿ.”

“ಟೇಪು ಒಳಗೆ ಸಿಕ್ಕಿಹಾಕಿಕೊಂಡರೆ?”

“ನನಗೆ ಫೋನ್ ಮಾಡಿ. ನೀವು ಹೇಗಿದ್ದರೂ ಮಾಡ್ತೀರಿ,” ಎಂದು ನಕ್ಕರು.

ಆದಿತ್ಯವಾರ ತಮ್ಮನೂ ಬಂದ, ಗೋಳಿಬಜೆ ಕಟ್ಟಿಸಿಕೊಂಡು. ಅಮ್ಮ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಒಳಗೆ ಹತ್ತು ನಿಮಿಷ ಕಣ್ಣುಮುಚ್ಚಿ ಮಲಗಿದ್ದಳು. ಅವಳು ಎದ್ದು ಬರುವುದರೊಳಗೆ ಎಲ್ಲ ತಯಾರಿರಬೇಕು ಎಂದು ನಾನು ಯು.ಪಿ.ಎಸ್. ನೋಡಿದೆ, ವಯರುಗಳನ್ನು ಎರಡೆರಡು ಸಲ ಒತ್ತಿದೆ, ಕೈ ತೊಳೆದು ಒರೆಸಿ ಟೇಪು ಒಳಗೆ ತಳ್ಳಿದೆ, ಮೊದಲಿಗೆ ಸುತ್ತಲು ಬಿಟ್ಟೆ. ಅದು ಕರ್ರೆಂದು ಓಡುತ್ತಿರುವಾಗ ಕಂಪ್ಯೂಟರಿಗೆ ತಿರುಗಿ ಫೈಲಿನ ಹೆಸರು ಟೈಪು ಮಾಡತೊಡಗಿದೆ: ಗೃಹಪ್ರವೇಶ, ಹಳೆ ಮನೆ, ಅಮ್ಮ, ದೊಡ್ಡತ್ತೆ, ತಮ್ಮ, ಇವರಿಗೆ ಕಳಿಸಿದ್ದು. ‘ಇವರಿಗೆ’ ಎಂದರೆ ಮುಂದೆ ನೋಡುವವರಿಗೆ ತಿಳಿದೀತೇ, ‘ಅಪ್ಪನಿಗೆ’ ಎಂದು ಹಾಕಲೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ನನ್ನ ಬೆನ್ನ ಹಿಂದೆ ಯಾವಾಗಲೋ ಟೇಪು ಟಕ್ ಎಂದು ನಿಂತಿತು.

ಅಮ್ಮ ಬಂದು ಟಿ.ವಿ.ಗೆ ಮುಖ ತಾಗುವಷ್ಟು ಹತ್ತಿರ ಸ್ಟೂಲು ಹಾಕಿ ಕುಳಿತಳು.

ಏನೂ ತಪ್ಪಲಿಲ್ಲ. ಬಣ್ಣ ಸ್ವಲ್ಪ ಕೆಂಪಾಗಿತ್ತು, ಅಷ್ಟೆ. ಈಗ ಇಲ್ಲದ ಮನೆಯ ಬಾಗಿಲು ತೆರೆಯಿತು. ಈಗ ಕಾರುಗಳು ನಿಲ್ಲುವ ಜಾಗದಲ್ಲಿ ಬಾವಿ ಇತ್ತು, ಬಾವಿಕಟ್ಟೆಯ ಮೇಲೆ ಹೊಸ ಕೊಡಪಾನ. ನಾನು ಎರಡು ಜಡೆ ಹಾಕಿಕೊಂಡು ಕೋಣೆ ಕೋಣೆ ತೋರಿಸುತ್ತಿದ್ದೆ. “ಅಪ್ಪಾ, ಇದು ಅಡಿಗೆಮನೆ. ಅಪ್ಪಾ, ಇದು ನಿಮ್ಮ ರೂಮು. ಫ್ಯಾನು ಹಾಕಿದ್ದಾರೆ, ಬೀಳುದಿಲ್ಲ ಅಂತ ಎಲೆಕ್ಟ್ರಿಶಿಯನ್ ಹೇಳಿದ್ದಾನೆ.”

“ಅಕ್ಕ, ಆಗಲೂ!” ಎಂದು ತಮ್ಮ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆದರೆ ಆ ಹುಡುಗಿ ನೇರ ನನ್ನ ಕಣ್ಣಿಗೇ ನೋಡಿ ಅಪ್ಪಾ ಅಪ್ಪಾ ಎಂದು ಕರೆಯುತ್ತಿದ್ದಳು. ಅವಳು ಕರೆಯುತ್ತಿದ್ದವರು ಎಲ್ಲಿ ಇರಬೇಕಿತ್ತೋ ಅಲ್ಲಿ ಈಗ ನಾವು ಮೂವರು ಗೋಳಿಬಜೆ ಹಿಡಿದು ಕುಳಿತಿದ್ದೆವು. ಐದು ವರ್ಷದ ತಮ್ಮ ಬಂದು ಕುಣಿದ. ನಲವತ್ತೆರಡರ ತಮ್ಮ ನಗು ನಿಲ್ಲಿಸಿದ. ಅವನ ಈಗಿನ ಮುಖ ಟಿ.ವಿ.ಯ ಗಾಜಿನಲ್ಲಿ ಪ್ರತಿಫಲಿಸಿ ಆ ಕುಣಿಯುವ ಹುಡುಗನ ಹಿಂದೆ ಕಾಣುತ್ತಿತ್ತು. ಅದು ಅಪ್ಪನ ಮುಖ. ಆ ತಂತ್ರಾಂಶವನ್ನು ನಾನು ಸುಮ್ಮನೆ ಬೈದಿದ್ದೆ.

ನಲವತ್ತು ನಿಮಿಷ ಕಳೆದ ಮೇಲೆ ಒಳಕೋಣೆ ಬಂತು. ವಿಡಿಯೋದವನ ದನಿ: “ಅಕ್ಕ, ಭಾವನಿಗೆ ಎಂತಾದರೂ ಒಂದು ಮಾತು ಹೇಳಿ.” ಮೂವತ್ತನಾಲ್ಕು ವರ್ಷದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ತಲೆ ಆಡಿಸಿದಳು. ಕೈಯಿಂದ ಕೆಳಗೆ ತೋರಿಸಿದಳು. ಕ್ಯಾಮರಾ ಇಳಿಯಿತು. ಎಲೆ: ಅನ್ನ, ಗಸಿ, ಪಲ್ಯ, ಪಾಯಸ. ಪಕ್ಕದಲ್ಲಿ ಒಂದು ಮಣೆ, ಲೋಟದಲ್ಲಿ ನೀರು.

ಆಮೇಲೆ ದೊಡ್ಡತ್ತೆಯ ಕೂಗು, ಮುಖವಿಲ್ಲದೆ: “ಎಂತ ಇದು? ಇಲ್ಲದವನಿಗೆ ಎಲೆ ಹಾಕುದಾ? ಬುದ್ಧಿ ಉಂಟಾ ನಿನಗೆ? ತೆಗಿ, ತೆಗಿ!” ಚಿತ್ರ ಅಲ್ಲಾಡಿ, ಅಂಗಳದಲ್ಲಿ ಉಣ್ಣುತ್ತಿರುವವರ ಸಾಲಿಗೆ ಹೋಯಿತು. ಇನ್ನು ಹತ್ತು ನಿಮಿಷ ಊಟ. ಮುಗಿಯಿತು.

ತಮ್ಮ ಎದ್ದು ಬಾಲ್ಕನಿಗೆ ಹೋದ. ನಾನು ಅಮ್ಮನ ಭುಜ ಹಿಡಿದು, ಇಷ್ಟು ವರ್ಷ ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತು ಹೇಳಿದೆ. “ಅಮ್ಮ, ಅಪ್ಪ ಅದನ್ನು ನೋಡಿರಲಿಕ್ಕಿಲ್ಲ. ಹೆದರಬೇಡ. ಡ್ಯೂಟಿಯಲ್ಲಿ ಅವರಿಗೆ ಪುರುಸೊತ್ತು ಎಲ್ಲಿ ಇತ್ತು?”

ಅಮ್ಮ ನನ್ನ ಕಡೆ ತಿರುಗಿದಳು, ಕಾಣದ ಕಣ್ಣನ್ನೂ ಸೇರಿಸಿ.

“ನೋಡಿರಲಿಕ್ಕಿಲ್ಲ ಅಂತ ಯಾಕೆ ಹೇಳ್ತಿ? ನೋಡಬೇಕಿತ್ತು. ಇಡೀ ಮನೆ ಕಟ್ಟಿಸಿದವರು. ಎಲ್ಲರೂ ಉಂಡರು, ಇವರಿಗೆ ಒಬ್ಬರಿಗೆ ಇಲ್ಲ. ನಾನು ಹಾಕಿದ್ದೆ ಅಂತ ಇವರಿಗೆ ಗೊತ್ತಾಗಬೇಕಿತ್ತು. ಅಷ್ಟೇ ನನಗೆ ಬೇಕಾದದ್ದು.” ವಿ.ಸಿ.ಆರ್. ಕಡೆ ಕೈ ತೋರಿಸಿ ಕೇಳಿದಳು: “ಹಾಕುವಾಗ ಟೇಪು ಎಲ್ಲಿ ನಿಂತಿತ್ತು?”

“ಎಲ್ಲಿ ಅಂದರೆ?”

“ಇವರು ಯಾವತ್ತೂ ವಾಪಸ್ ಸುತ್ತುವವರಲ್ಲ. ಎಲ್ಲಿವರೆಗೆ ನೋಡಿದ್ದಾರೋ ಅಲ್ಲೇ ಇರ್ತದೆ. ಅದಕ್ಕೇ ಅಲ್ವಾ ನಾನು ಯಾರಿಗೂ ಮುಟ್ಟಲಿಕ್ಕೆ ಬಿಡದ್ದು? ಗೊತ್ತು ಮಾಡಿಕೊಳ್ಳಲಿಕ್ಕೆ ಇಷ್ಟು ವರ್ಷ ಧೈರ್ಯ ಬರಲಿಲ್ಲ. ನೀನು ಎಲ್ಲವನ್ನೂ ಬರೆದಿಡುವವಳು, ಅದನ್ನೂ ಬರೆದಿದ್ದಿ ಅಂತ ಎಣಿಸಿದೆ.”

ಎರಡು ಜಡೆಯ ಹುಡುಗಿ ಮೊದಲಿಗೆ ಸುತ್ತಿ ಕಳಿಸಿದ ಟೇಪು ಅದು. ಇಂದು ಕರ್ರೆಂದು ಹಿಂದಕ್ಕೆ ಓಡಿತ್ತು. ಓಡಿತ್ತೆಂದರೆ ಅಪ್ಪ ಹಾಕಿದ್ದಾರೆ, ನೋಡಿದ್ದಾರೆ. ಅಷ್ಟನ್ನು ಅಮ್ಮನಿಗೆ ಹೇಳಿದೆ.

“ಓಡಿತಾ? ನೋಡಿದ್ದಾರಾ ಹಾಗಾದರೆ?” ಅವಳ ಮುಖ ಅರಳಿತು. “ಎಷ್ಟು ಹೊತ್ತು ಓಡಿತು?”

ಆ ವಾರವಿಡೀ ಆಸ್ಪತ್ರೆಯಿಂದ ಬಂದ ಕೂಡಲೇ ನಾನು ಅದನ್ನೇ ಅಳೆದು ನೋಡಿದ್ದೇನೆ. ಎಲೆಯ ಜಾಗದಿಂದ ಮೊದಲಿಗೆ ಸುತ್ತಲು ಒಂದು ನಿಮಿಷ ಹತ್ತು ಸೆಕೆಂಡು ಬೇಕು. ಕೊನೆಯಿಂದ ಒಂದೂವರೆ ನಿಮಿಷ. ಬಾವಿಕಟ್ಟೆಯಿಂದಾದರೆ ಹತ್ತೇ ಸೆಕೆಂಡು. ಆ ದಿನ ಟೈಪು ಮಾಡಿದ ಫೈಲಿನ ಹೆಸರನ್ನು ಮೊಬೈಲಿನಲ್ಲಿ ಸಮಯ ಹಿಡಿದು ಹತ್ತಿಪ್ಪತ್ತು ಸಲ ಟೈಪು ಮಾಡಿ ನೋಡಿದೆ. ಒಮ್ಮೆ ಐವತ್ತು ಸೆಕೆಂಡು ಬರುತ್ತದೆ, ಒಮ್ಮೆ ಒಂದೂವರೆ ನಿಮಿಷ. ‘ಇವರಿಗೆ’ಯೋ ‘ಅಪ್ಪನಿಗೆ’ಯೋ ಎಂದು ಎಷ್ಟು ಹೊತ್ತು ಯೋಚಿಸಿದ್ದೆ ಎಂಬುದು ನೆನಪಿಲ್ಲ. ಟಕ್ ಎಂದಾಗ ನಾನು ಯಾವ ಅಕ್ಷರದಲ್ಲಿದ್ದೆ ಎಂಬುದೂ ನೆನಪಿಲ್ಲ.

ಅಮ್ಮ ದಿನವೂ ಕೇಳುವುದಿಲ್ಲ. ನಾನು ಚಾ ಕೊಡುವಾಗ ಒಮ್ಮೊಮ್ಮೆ, “ಸುಮಾರು ಹೊತ್ತು ಓಡಿತಲ್ವಾ?” ಎನ್ನುತ್ತಾಳೆ. “ಹೌದು, ಸುಮಾರು ಹೊತ್ತು,” ಎನ್ನುತ್ತೇನೆ. ಅವಳು ಲೋಟ ತೆಗೆದುಕೊಂಡು ಟಿ.ವಿ.ಯ ದಿಕ್ಕಿಗೆ ಕೂರುತ್ತಾಳೆ.

ನೋಟುಪುಸ್ತಕದ ಇಪ್ಪತ್ತಮೂರರಲ್ಲಿ ಯಾವುದೂ ಆಗಲಿಲ್ಲ. ಡಿಸ್ಕು ಬೀಳಲಿಲ್ಲ, ಸಿಡಿಲು ಬಡಿಯಲಿಲ್ಲ, ಅಜ್ಜಿಯ ಮುಖ ಅಜ್ಜಿಯ ಸೀರೆಯ ಮೇಲೆಯೇ ಇದೆ. ಯಾವಾಗಲೂ ಮಾಡುತ್ತಿದ್ದ ಹಾಗೆ ಅಪ್ಪನ ಟೇಪನ್ನು ನಾನು ಮೊದಲಿಗೆ ಸುತ್ತಿಟ್ಟೆ, ಅಷ್ಟೆ.